ಬ್ರೆಡ್ಡು ಸಿಗದ ಚಳಿಗಾಲ

1944-45ರ ಚಳಿಗಾಲ. ಜರ್ಮನ್ ಸೇನೆ ಆಹಾರ ಸಾಗಣೆ ತಡೆದದ್ದರಿಂದ ಪಶ್ಚಿಮ ನೆದರ್‌ಲ್ಯಾಂಡ್ಸ್‌ನ ಜನ ಟ್ಯೂಲಿಪ್ ಹೂವಿನ ಗಡ್ಡೆ ಬೇಯಿಸಿ ತಿನ್ನುತ್ತಿದ್ದರು. ಸಾವಿರಾರು ಮಂದಿ ಹಸಿವಿನಿಂದ ಸತ್ತ ಆ ದಿನಗಳಲ್ಲೇ ಕೆಲವು ಮಕ್ಕಳು ಮಾತ್ರ ಚೇತರಿಸಿಕೊಂಡರು!

ಅವರಿಗಿದ್ದದ್ದು ಸೀಲಿಯಾಕ್ ಕಾಯಿಲೆ. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಭೇದಿ ನಿಲ್ಲದೆ ನರಳುವ ಮಕ್ಕಳು. ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಅನುಮಾನವಿತ್ತು. ಬರಗಾಲದ ನೋಟವೊಂದನ್ನೇ ನೆಚ್ಚಿಕೊಳ್ಳದೆ, ಮಕ್ಕಳ ಊಟದಿಂದ ಗೋಧಿ ತೆಗೆದು, ಮತ್ತೆ ಸೇರಿಸಿ, ಏನಾಗುತ್ತದೆಂದು ತಾಳ್ಮೆಯಿಂದ ಗಮನಿಸಿದರು. 1950ರಲ್ಲಿ ಅದನ್ನೇ ಪಿಎಚ್.ಡಿ. ಪ್ರಬಂಧವಾಗಿ ಬರೆದರು.

ಕಾಯಿಲೆ ಕೆರಳಿಸುವುದು ಗೋಧಿಯ ಅಂಟು, ಅಂದರೆ ಗ್ಲೂಟನ್. ಆದರೆ ಹಿಟ್ಟಿನ ಅಂಟಿಗೂ ದೇಹ ತನ್ನ ಕರುಳನ್ನೇ ಹಾಳುಮಾಡಿಕೊಳ್ಳುವುದಕ್ಕೂ ಏನು ಸಂಬಂಧ? ಈ ಒಗಟು ಬಿಡಿಸಲು ಇನ್ನೂ ನಾಲ್ಕೈದು ದಶಕ ಬೇಕಾಯಿತು.

1993ರಲ್ಲಿ ಓಸ್ಲೋದ ವಿಜ್ಞಾನಿಗಳು ರೋಗಿಗಳ ಕರುಳಿನಿಂದಲೇ ಗ್ಲೂಟನ್ನಿಗೆ ಕೆರಳುವ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಹೊರತೆಗೆದರು. ಈ ಕೋಶಗಳು ನೇರವಾಗಿ ಗ್ಲೂಟನ್ನನ್ನು ನೋಡಲಾರವು. ಡಿಕ್ಯೂ2 ಎಂಬ ಪ್ರೋಟೀನು ಅದರ ತುಣುಕನ್ನು ಎತ್ತಿ ಹಿಡಿದು ತೋರಿಸಬೇಕು. ಹೆಚ್ಚಿನ ರೋಗಿಗಳಲ್ಲಿ ಈ ಡಿಕ್ಯೂ2 ಇರುತ್ತದೆ. 1997ರಲ್ಲಿ ಬರ್ಲಿನ್‌ನ ಡೆಟ್ಲೆಫ್ ಶುಪ್ಪಾನ್ ತಂಡ ಇನ್ನೊಂದು ಎಳೆ ಹಿಡಿಯಿತು: ರೋಗಿಗಳ ರಕ್ತದ ಪ್ರತಿಕಾಯಗಳ ಗುರಿ ದೇಹದ್ದೇ ಆದ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ. ಈ ಕಿಣ್ವದ ಕೆಲಸವೇ ವಿಚಿತ್ರ. ಗ್ಲೂಟನ್ ತುಣುಕನ್ನು ಅದು ಕೊಂಚ ಬದಲಿಸುತ್ತದೆ, ಬದಲಾದ ತುಣುಕು ಡಿಕ್ಯೂ2ರ ಹಿಡಿತಕ್ಕೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಮುಂಬಯಿಯ ಐಐಟಿಯಲ್ಲಿ ಓದಿ ಸ್ಟ್ಯಾನ್‌ಫರ್ಡ್ ಸೇರಿದ ಚೈತನ್ ಖೋಸ್ಲಾ ಅವರ ತಂಡ 2002ರಲ್ಲಿ 33 ಅಮೈನೋ ಆಮ್ಲಗಳ ಒಂದು ತುಣುಕನ್ನೇ ಗುರುತಿಸಿತು. ಜಠರ, ಕರುಳುಗಳ ರಸಗಳು ಯಾವುವೂ ಇದನ್ನು ಜೀರ್ಣಿಸಲಾರವು.

ಡಿಕ್ಯೂ2 ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬಹುಪಾಲು ಜನ ಚಪಾತಿ ತಿಂದು ಆರಾಮವಾಗಿಯೇ ಇರುತ್ತಾರೆ. ಆದರೂ ದೇಹ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆಗಳಲ್ಲಿ ಕಿಡಿ ಯಾವುದೆಂದು ಇಷ್ಟು ಸ್ಪಷ್ಟವಾಗಿ ಗೊತ್ತಿರುವುದು ತೀರಾ ಅಪರೂಪ. ಗೊತ್ತಾದುದರ ಫಲ ದೊಡ್ಡದು: ಗ್ಲೂಟನ್ ಬಿಟ್ಟರೆ ಹೆಚ್ಚಿನವರ ಕರುಳು ಮಾಯುತ್ತದೆ. ನಮ್ಮ ರಾಗಿ, ಜೋಳ, ಅಕ್ಕಿಯಲ್ಲಿ ಅದಿಲ್ಲ. ಗಿರಣಿಯಲ್ಲಿ ಗೋಧಿಹಿಟ್ಟು ಬೆರೆಯದಂತೆ ಮಾತ್ರ ನೋಡಿಕೊಳ್ಳಬೇಕು.

ಅನುಮಾನವಿದ್ದವರು ರಕ್ತ ಪರೀಕ್ಷೆಗೆ ಮೊದಲೇ ಗೋಧಿ ಬಿಡುವುದು ಬೇಡ. ಬಿಟ್ಟರೆ ಪ್ರತಿಕಾಯಗಳು ಇಳಿದು, ಇರುವ ಕಾಯಿಲೆಯೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.