ಅಗಲವಾದ ದಾರಿ, ನಿಧಾನದ ಪಯಣ

ಕಣಜದಿಂದ ಸಂತೆಗೆ ಧಾನ್ಯ ಸಾಗಿಸುವ ರೈತನ ಬಳಿ ಒಂದೇ ಗಾಡಿಯಿದ್ದರೆ, ರಸ್ತೆ ಎಷ್ಟೇ ಅಗಲವಾಗಿರಲಿ, ಗಾಡಿ ಮರಳುವವರೆಗೆ ಅವನು ಕಾಯಲೇಬೇಕು. ಗಣಕಯಂತ್ರಗಳ ನಡುವೆ ಮಾಹಿತಿ ಸಾಗಿಸುವಾಗಲೂ ಇದೇ ತೊಡಕು ಒದಗುತ್ತದೆ.

ಅಂತರಜಾಲದಲ್ಲಿ ದೊಡ್ಡ ಕಡತವು ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುತ್ತದೆ. ಪೊಟ್ಟಣಗಳು ತಲುಪಿದುದಕ್ಕೆ ಎದುರಿನ ಯಂತ್ರವು ಸ್ವೀಕೃತಿಯನ್ನು ಕಳುಹಿಸುತ್ತದೆ. ಸ್ವೀಕೃತಿ ಬಾರದಿದ್ದರೆ ಆ ಪೊಟ್ಟಣವನ್ನು ಮತ್ತೆ ಕಳುಹಿಸಲಾಗುತ್ತದೆ. ಅಮೆರಿಕದ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಅವರು 1974ರಲ್ಲಿ ರೂಪಿಸಿದ ಈ ವ್ಯವಸ್ಥೆಯೇ ಇಂದಿನ ‘ಟಿಸಿಪಿ’ಗೆ ಮೂಲ. ಸ್ವೀಕೃತಿ ಬರುವ ಮುನ್ನ ಎಷ್ಟು ಮಾಹಿತಿಯನ್ನು ಕಳುಹಿಸಬಹುದೆಂಬ ಮಿತಿಗೆ ‘ವಿಂಡೋ’, ಅಂದರೆ ಕಿಟಕಿ, ಎಂದು ಹೆಸರು. ಮೊದಲು ಅದರ ಗರಿಷ್ಠ ಅಳತೆ 65,535 ಬೈಟುಗಳಾಗಿದ್ದಿತು.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಆದ್ದರಿಂದ 10,000 ಕಿಲೋಮೀಟರ್ ದೂರ ಹೋಗಿ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಆ ಎಳೆಯು ಸೆಕೆಂಡಿಗೆ 12.5 ಕೋಟಿ ಬೈಟುಗಳನ್ನು ಒಯ್ಯಬಲ್ಲುದಾದರೆ, ಅದು ತುಂಬಿ ಹರಿಯಲು 1.25 ಕೋಟಿ ಬೈಟುಗಳು ಸ್ವೀಕೃತಿಯನ್ನು ಎದುರುನೋಡುತ್ತ ದಾರಿಯಲ್ಲಿರಬೇಕು. ಹಳೆಯ ಕಿಟಕಿಯಲ್ಲಿ ಇದರ ಸುಮಾರು ಇನ್ನೂರರಲ್ಲಿ ಒಂದು ಪಾಲು ಮಾತ್ರ ಹಿಡಿಸುತ್ತದೆ. ಫಲವಾಗಿ, 80 ಸೆಕೆಂಡಿನಲ್ಲಿ ತಲುಪಬಹುದಾದ 1,000 ಕೋಟಿ ಬೈಟುಗಳ ಕಡತಕ್ಕೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ!

1992ರಲ್ಲಿ ಪ್ರಕಟವಾದ ನಿಯಮವೊಂದು ಕಿಟಕಿಯನ್ನು ಸುಮಾರು 100 ಕೋಟಿ ಬೈಟುಗಳವರೆಗೆ ಹಿಗ್ಗಿಸಲು ಅವಕಾಶವಿತ್ತಿತು. ಆದರೆ ಅಷ್ಟು ಮಾಹಿತಿಯನ್ನು ಹಿಡಿದಿಡಲು ಎರಡೂ ತುದಿಗಳ ಯಂತ್ರಗಳಲ್ಲಿ ಸ್ಮರಣಸ್ಥಳವನ್ನು ಮೀಸಲಿಡಬೇಕು. ಇಂದಿನ ಯಂತ್ರಗಳು ಈ ಸ್ಥಳವನ್ನು ತಾವಾಗಿಯೇ ಹೊಂದಿಸಿಕೊಳ್ಳುತ್ತವೆಯಾದರೂ, ಅದಕ್ಕೊಂದು ಮೇಲ್ಮಿತಿ ಇರುತ್ತದೆ. ದೂರದೇಶಗಳಿಗೆ ಅಪಾರ ಮಾಹಿತಿಯನ್ನು ರವಾನಿಸುವ ವಿಜ್ಞಾನ ಸಂಸ್ಥೆಗಳಲ್ಲಿ ತಜ್ಞರು ಹೋಗಿ ಬರುವ ಕಾಲವನ್ನೂ ದಾರಿಯ ಸಾಮರ್ಥ್ಯವನ್ನೂ ಗುಣಿಸಿ ಆ ಮಿತಿಯನ್ನು ಗೊತ್ತುಪಡಿಸುತ್ತಾರೆ.

ಹಾಗೆಂದು ಮಿತಿಯಿಲ್ಲದೆ ಸುರಿಯುವುದೂ ಸಲ್ಲದು. 1986ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಕೇವಲ 400 ಗಜಗಳ ಅಂತರದ ಎರಡು ಸಂಸ್ಥೆಗಳ ನಡುವಣ ರವಾನೆಯು ದಟ್ಟಣೆಯಿಂದಾಗಿ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕಳೆದುಹೋದ ಪೊಟ್ಟಣಗಳನ್ನು ಯಂತ್ರಗಳು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸಿದವು. ವ್ಯಾನ್ ಜೇಕಬ್‌ಸನ್ ಅವರು 1988ರಲ್ಲಿ ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು: ಸ್ವಲ್ಪದಿಂದ ಆರಂಭಿಸಬೇಕು, ಸ್ವೀಕೃತಿಗಳು ಬಂದಂತೆ ಹೆಚ್ಚಿಸಬೇಕು, ಪೊಟ್ಟಣ ಕಳೆದುಹೋದೊಡನೆ ತಗ್ಗಿಸಬೇಕು.

ಹೀಗೆ, ದಾರಿಯನ್ನು ಬರಿದಾಗಿ ಬಿಡದಿರುವುದೂ ಅದನ್ನು ಕಿಕ್ಕಿರಿಸದಿರುವುದೂ ವೇಗದ ಎರಡು ಸೂತ್ರಗಳು. ದಾರಿ ಎಲ್ಲರಿಗೂ ಸೇರಿದುದಾದ್ದರಿಂದ ಎರಡನೆಯದನ್ನು ಮರೆತವನು ತನ್ನ ಪಯಣವನ್ನಷ್ಟೇ ಅಲ್ಲ, ಇತರರ ಪಯಣವನ್ನೂ ಕೆಡಿಸುತ್ತಾನೆ.