ನರನೋವು ಮತ್ತು ಗಾಂಜಾ: ಅಳತೆಯ ಪ್ರಶ್ನೆ

ಗಾಯ ಮಾಗಿದ ಮೇಲೂ ಉಳಿದುಕೊಳ್ಳುವ, ಕೆಲವೊಮ್ಮೆ ಗಾಯವೇ ಕಾಣದ ಜಾಗದಲ್ಲಿ ಉರಿಯುವ ನೋವನ್ನು ವೈದ್ಯಶಾಸ್ತ್ರ ಉಳಿದ ನೋವುಗಳಿಂದ ಬೇರ್ಪಡಿಸಿ ನೋಡುತ್ತದೆ. ಸಂವೇದನೆಯನ್ನು ಹೊತ್ತೊಯ್ಯುವ ನರಮಂಡಲಕ್ಕೇ ಪೆಟ್ಟು ಬಿದ್ದಾಗ ಇಲ್ಲವೆ ಕಾಯಿಲೆ ತಗುಲಿದಾಗ ಹುಟ್ಟುವ ಈ ಬಗೆಗೆ ನರಜನ್ಯ ನೋವು, ಸರಳವಾಗಿ ನರನೋವು ಎಂದು ಹೆಸರು. ಕೈ ಸುಟ್ಟಾಗ ಆಗುವ ನೋವಿನಲ್ಲಿ ನರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ನರನೋವಿನಲ್ಲಾದರೋ ತಿಳಿಸಬೇಕಾದ ಅಪಾಯ ಯಾವುದೂ ಇಲ್ಲದಿದ್ದರೂ ಅದು ಮಿದುಳಿಗೆ ಸಂಕೇತಗಳನ್ನು ಕಳಿಸುತ್ತಲೇ ಇರುತ್ತದೆ. ಹಲವು ವರ್ಷ ಸಕ್ಕರೆ ಕಾಯಿಲೆಯಿಂದ ಬಳಲಿದವರ ಅಂಗಾಲುರಿ, ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳಾದ ಮೇಲೂ ಪಕ್ಕೆಯಲ್ಲಿ ಬಿಡದ ಚುಚ್ಚು, ಕುಷ್ಠರೋಗ ವಾಸಿಯಾದವರ ನರಗಳಲ್ಲಿ ಉಳಿಯುವ ಸೆಳೆತ, ಕ್ಯಾನ್ಸರಿನ ಕೀಮೋ ಔಷಧಗಳಿಂದ ಬೆರಳ ತುದಿಗಳಲ್ಲಿ ಕಾಣಿಸಿಕೊಳ್ಳುವ ಜೋಮು ಮತ್ತು ಉರಿ, ಕಾಲು ಕತ್ತರಿಸಿ ತೆಗೆದ ಮೇಲೂ ಇಲ್ಲದ ಆ ಕಾಲಿನಲ್ಲೇ ಆಗುವ ನೋವು, ಇವೆಲ್ಲವೂ ಇದೇ ಗುಂಪಿಗೆ ಸೇರುತ್ತವೆ. ಹೊದ್ದ ಬಟ್ಟೆ ತಾಗಿದರೂ ತಾಳಲಾಗದಂತಹ ಸ್ಥಿತಿ ಇವರಲ್ಲಿ ಹಲವರಿಗೆ ಉಂಟಾಗುವುದರಿಂದ ಮೊದಲು ನಿದ್ದೆ ಕೆಡುತ್ತದೆ, ಅದರ ಹಿಂದೆಯೇ ಮನಸ್ಸಿನ ನೆಮ್ಮದಿಯೂ ಹೋಗುತ್ತದೆ.

ಪೆಟ್ಟು ತಿಂದ ನರತಂತುವಿನ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳಹೋಗುವ ದಾರಿಗಳ ಸಂಖ್ಯೆ ಮತ್ತು ವರ್ತನೆ ಬದಲಾಗಿ, ತಂತು ತನ್ನಷ್ಟಕ್ಕೆ ತಾನೇ ವಿದ್ಯುತ್ ಸಂಕೇತಗಳನ್ನು ಹೊಮ್ಮಿಸತೊಡಗುತ್ತದೆ. ಆ ಸಂಕೇತಗಳು ಎಡೆಬಿಡದೆ ಬಂದು ತಲುಪುವುದರಿಂದ ಬೆನ್ನುಹುರಿಯ ನರಕೋಶಗಳು ಅತಿಸೂಕ್ಷ್ಮವಾಗುತ್ತವೆ. ಜತೆಗೆ ಮಿದುಳಿನ ಬುಡದಿಂದ ಕೆಳಗಿಳಿದು ನೋವನ್ನು ತಗ್ಗಿಸುವ ಸಹಜ ವ್ಯವಸ್ಥೆಯೂ ಸೊರಗುತ್ತದೆ. ಜ್ವರಕ್ಕೂ ಮೈಕೈ ನೋವಿಗೂ ಕೆಲಸ ಮಾಡುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ಇಲ್ಲಿ ಬಹುಮಟ್ಟಿಗೆ ಸೋಲುವುದು ಇದಕ್ಕಾಗಿಯೇ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಮತ್ತು ಡುಲೊಕ್ಸೆಟಿನ್, ಮೂರ್ಛೆರೋಗಕ್ಕೆ ಕೊಡುವ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ನರನೋವಿನ ಮೊದಲ ಸಾಲಿನ ಔಷಧಗಳಾಗಿವೆ. ಆದರೆ ಅವುಗಳ ಶಕ್ತಿಗೂ ಮಿತಿಯಿದೆ. ಹುಸಿಮದ್ದಿನಿಂದ, ಅಂದರೆ ಔಷಧಾಂಶವಿಲ್ಲದ ಮಾತ್ರೆಯಿಂದ, ಸಿಗುವುದಕ್ಕಿಂತ ಹೆಚ್ಚಾಗಿ ಒಬ್ಬ ರೋಗಿಯ ನೋವು ಅರ್ಧಕ್ಕೆ ಇಳಿಯಬೇಕಾದರೆ ಎಷ್ಟು ಮಂದಿಗೆ ಔಷಧ ಕೊಡಬೇಕಾಗುತ್ತದೆ ಎಂಬ ಲೆಕ್ಕವೊಂದಿದ್ದು, 2015ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಬಂದ ದೊಡ್ಡ ವಿಮರ್ಶೆಯ ಪ್ರಕಾರ ಅದು ಅಮಿಟ್ರಿಪ್ಟಿಲಿನ್‌ ಗುಂಪಿಗೆ ಸುಮಾರು 3.6, ಪ್ರಿಗ್ಯಾಬಲಿನ್‌ಗೆ ಸುಮಾರು 7.7. ಎಲ್ಲ ಔಷಧಗಳನ್ನೂ ಬಳಸಿ ನೋಡಿ, ಅವುಗಳ ಮಂಪರನ್ನೂ ತಲೆಸುತ್ತನ್ನೂ ಸಹಿಸಿ, ಆಮೇಲೂ ನೋವಿನೊಂದಿಗೇ ಬದುಕುತ್ತಿರುವವರ ಸಂಖ್ಯೆ ಚಿಕ್ಕದಲ್ಲ. ಗಾಂಜಾ ಗಿಡದತ್ತ ವೈದ್ಯಲೋಕ ಮತ್ತೆ ತಿರುಗಿದ್ದು ಈ ರೋಗಿಗಳ ಕಾರಣದಿಂದ; ಆ ಗಿಡದ ಕುರಿತ ಯಾವ ತೀರ್ಮಾನವನ್ನಾದರೂ ಇವರನ್ನು ಎದುರಿಗಿಟ್ಟುಕೊಂಡೇ ಮಾಡಬೇಕು.

ಮತ್ತೆ ಎನ್ನಲು ಕಾರಣವಿದೆ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಒ'ಶಾನೆಸಿ ಈ ದೇಶದ ವೈದ್ಯರಿಂದಲೂ ಗ್ರಂಥಗಳಿಂದಲೂ ಗಾಂಜಾದ ಬಳಕೆಯನ್ನು ಅರಿತುಕೊಂಡು, ಮೊದಲು ಪ್ರಾಣಿಗಳ ಮೇಲೂ ಆಮೇಲೆ ಸಂಧಿವಾತ, ಧನುರ್ವಾಯು ಮುಂತಾದ ಕಾಯಿಲೆಗಳ ರೋಗಿಗಳ ಮೇಲೂ ಪರೀಕ್ಷಿಸಿ, 1839ರಲ್ಲಿ ಅದರ ವರದಿಯನ್ನು ಮಂಡಿಸಿದರು. ಬ್ರಿಟನ್ನಿನಲ್ಲಿ ಗಾಂಜಾದ ಸಾರ ಔಷಧವಾಗಿ ಹರಡಿದ್ದು ಇದರ ಬಳಿಕ. ವಿಕ್ಟೋರಿಯಾ ರಾಣಿಯ ವೈದ್ಯರಲ್ಲೊಬ್ಬರಾಗಿದ್ದ ಜಾನ್ ರಸೆಲ್ ರೆನಾಲ್ಡ್ಸ್ 30 ವರ್ಷಗಳಿಗೂ ಮಿಕ್ಕ ತಮ್ಮ ಅನುಭವವನ್ನು 1890ರ ಲ್ಯಾನ್ಸೆಟ್‌ನಲ್ಲಿ ಬರೆದಾಗ, ನರಶೂಲೆಗಳಲ್ಲಿ ಅದು ಒಳ್ಳೆಯ ಗುಣ ಕೊಡುತ್ತದೆ ಎಂದು ಹೇಳಿದ ಜತೆಯಲ್ಲೇ, ಸಾರದ ಬಲ ಒಂದು ಸರಕಿನಿಂದ ಇನ್ನೊಂದಕ್ಕೆ ತೀರ ಬದಲಾಗುತ್ತದೆಂದೂ, ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕೆಂದೂ ಎಚ್ಚರಿಸಿದರು. ಔಷಧ ಮೂಲೆಗುಂಪಾದದ್ದು ಈ ತೊಡಕಿನಿಂದಲೇ. ಚುಚ್ಚುಮದ್ದಿನ ಸೂಜಿ ಬಳಕೆಗೆ ಬಂದ ಮೇಲೆ ನೀರಿನಲ್ಲಿ ಕರಗುವ ಮಾರ್ಫೀನನ್ನು ಅಳೆದು ಕೊಡುವುದು ಸುಲಭವಾಯಿತು. ನೀರಿನಲ್ಲಿ ಕರಗದ, ಒಳಗೇನಿದೆಯೆಂದೇ ತಿಳಿಯದ ಗಾಂಜಾ ಸಾರ ಹಿಂದೆ ಉಳಿಯಿತು. 1932ರಲ್ಲಿ ಬ್ರಿಟಿಷ್ ಔಷಧಕೋಶದಿಂದ ಅದರ ಹೆಸರು ಹೊರಬಿತ್ತು. ಮಾದಕವಸ್ತುಗಳ ಕುರಿತ 1961ರ ವಿಶ್ವಸಂಸ್ಥೆಯ ಒಪ್ಪಂದ ಅದನ್ನು ಅತ್ಯಂತ ಬಿಗಿಯಾದ ನಿಯಂತ್ರಣದ ಪಟ್ಟಿಗೆ ಸೇರಿಸಿತು.

ಒಳಗೇನಿದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಇಸ್ರೇಲಿನಲ್ಲಿ. ರಫಾಯೆಲ್ ಮೆಕೂಲಂ ಮತ್ತು ಯೆಹಿಯೆಲ್ ಗಾವೊನಿ, ಪೊಲೀಸರು ವಶಪಡಿಸಿಕೊಂಡಿದ್ದ ಚರಸ್ಸನ್ನು ಪಡೆದು ಕೆಲಸ ಮಾಡಿ, 1964ರಲ್ಲಿ ಟೆಟ್ರಾಹೈಡ್ರೊಕ್ಯಾನಬಿನಾಲ್ ಎಂಬ ರಾಸಾಯನಿಕವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತೋರಿಸಿದರು. ಟಿಎಚ್‌ಸಿ ಎಂದು ಕರೆಯಲಾಗುವ ಇದೇ ಗಾಂಜಾದ ಅಮಲಿಗೆ ಮುಖ್ಯ ಕಾರಣ. ಅಮಲೇರಿಸದ ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಅದೇ ಗಿಡದ ಇನ್ನೊಂದು ಪ್ರಮುಖ ರಾಸಾಯನಿಕ. ಟಿಎಚ್‌ಸಿ ಬಂದು ಕೂರುವ ಗ್ರಾಹಕ, ಎಂದರೆ ನರಕೋಶದ ಪೊರೆಯಲ್ಲಿದ್ದು ನಿರ್ದಿಷ್ಟ ರಾಸಾಯನಿಕಕ್ಕೆ ಸ್ಪಂದಿಸುವ ಪ್ರೋಟೀನು, 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಅವರ ಪ್ರಯೋಗಶಾಲೆಯಲ್ಲಿ ಗುರುತಿಗೆ ಬಂತು. ಹೊರಗಿನ ಗಿಡವೊಂದಕ್ಕಾಗಿ ಮಿದುಳು ಇಂಥದ್ದೊಂದು ಏರ್ಪಾಡು ಮಾಡಿಕೊಂಡಿರಲಾರದು, ದೇಹದಲ್ಲೇ ಅದಕ್ಕೆ ತಕ್ಕ ವಸ್ತುವೊಂದಿರಬೇಕು ಎಂಬ ಊಹೆ 1992ರಲ್ಲಿ ನಿಜವಾಯಿತು. ಮೆಕೂಲಂ ತಂಡ ಮಿದುಳಿನಿಂದಲೇ ಆ ವಸ್ತುವನ್ನು ತೆಗೆದು, ಸಂಸ್ಕೃತದ ಮಾತನ್ನು ಆಧರಿಸಿ ಆನಂದಮೈಡ್ ಎಂಬ ಹೆಸರಿಟ್ಟಿತು.

ಈ ಸಹಜ ವ್ಯವಸ್ಥೆ ಕೆಲಸ ಮಾಡುವ ಕ್ರಮ ನರನೋವಿಗೆ ನೇರವಾಗಿ ಸಂಬಂಧಿಸಿದೆ. ನರಕೋಶಗಳ ನಡುವೆ ಸಂಕೇತ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಸಂಕೇತ ಪಡೆಯುವ ಕೋಶ ಅತಿಯಾಗಿ ಕೆರಳಿದಾಗ ಅದು ಆನಂದಮೈಡ್‌ನಂತಹ ವಸ್ತುಗಳನ್ನು ಆಗಿಂದಾಗಲೇ ತಯಾರಿಸಿ ಹಿಮ್ಮುಖವಾಗಿ ಬಿಡುಗಡೆ ಮಾಡುತ್ತದೆ. ಅವು ಸಂಕೇತ ಕಳಿಸುವ ಕೋಶದ ತುದಿಯಲ್ಲಿರುವ ಸಿಬಿ1 ಎಂಬ ಆ ಗ್ರಾಹಕಗಳ ಮೇಲೆ ಕುಳಿತು, ಕ್ಯಾಲ್ಸಿಯಂ ಒಳಬರುವುದನ್ನು ತಡೆದು, ಸಂಕೇತದ ಹರಿವನ್ನು ತಗ್ಗಿಸುತ್ತವೆ. ನೋವಿನ ದಾರಿಯುದ್ದಕ್ಕೂ, ಅಂದರೆ ಚರ್ಮದ ನರತುದಿಯಲ್ಲಿ, ಬೆನ್ನುಹುರಿಯಲ್ಲಿ, ಮಿದುಳಿನಲ್ಲಿ, ಈ ಗ್ರಾಹಕಗಳಿವೆ. ಹೊರಗಿನಿಂದ ಬಂದ ಟಿಎಚ್‌ಸಿಯೂ ಅಲ್ಲೆಲ್ಲ ಕುಳಿತು ಸಂಕೇತಗಳನ್ನು ಮಂದಗೊಳಿಸಬಲ್ಲದು. ಆದರೆ ದೇಹದ್ದೇ ವಸ್ತು ಬೇಕಾದ ಕಡೆ ಬೇಕಾದಷ್ಟು ಹೊತ್ತು ಮಾತ್ರ ಹುಟ್ಟಿ ಅಳಿಯುವಾಗ, ಟಿಎಚ್‌ಸಿ ನೆನಪು, ಗಮನ, ಸಮತೋಲನಗಳನ್ನು ನೋಡಿಕೊಳ್ಳುವ ಭಾಗಗಳನ್ನೂ ಏಕಕಾಲಕ್ಕೆ ಮುಟ್ಟುತ್ತದೆ. ಉಪಯೋಗ ಮತ್ತು ಅಡ್ಡಪರಿಣಾಮ ಎರಡಕ್ಕೂ ಮೂಲ ಒಂದೇ ಆಗಿರುವುದರಿಂದ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಕಷ್ಟ. ಆಕ್ಸ್‌ಫರ್ಡ್ ಸಂಶೋಧಕರು 2013ರಲ್ಲಿ 12 ಆರೋಗ್ಯವಂತರಿಗೆ ಮೆಣಸಿನ ಖಾರದ ಸಾರವನ್ನು ಚರ್ಮಕ್ಕೆ ಹಚ್ಚಿ ಟಿಎಚ್‌ಸಿ ಮಾತ್ರೆ ಕೊಟ್ಟು ಮಿದುಳಿನ ಚಿತ್ರಗಳನ್ನು ತೆಗೆದಾಗ ಕಂಡದ್ದು ಇನ್ನೊಂದು ಬಗೆಯ ಸಂಗತಿ: ಸರಾಸರಿಯಲ್ಲಿ ನೋವಿನ ತೀವ್ರತೆಗಿಂತ ಹೆಚ್ಚಾಗಿ ತಗ್ಗಿದ್ದು ಆ ನೋವು ಕೊಡುವ ಕಿರಿಕಿರಿ. ನೋವು ಇದ್ದರೂ ಅದರ ಕಾಟ ಕಡಿಮೆಯಾಯಿತು ಎಂದು ಹೇಳುವ ರೋಗಿಗಳ ಮಾತಿಗೆ ಇದರಲ್ಲೊಂದು ವಿವರಣೆ ಸಿಗುತ್ತದೆ, ಆ ಮಾತನ್ನು ಕಡೆಗಣಿಸದಿರಲು ಕಾರಣವೂ ಸಿಗುತ್ತದೆ.

ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಹೆಸರಾದದ್ದು 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡೊನಾಲ್ಡ್ ಏಬ್ರಮ್ಸ್ ಪ್ರಕಟಿಸಿದ ಅಧ್ಯಯನ. ಎಚ್‌ಐವಿಯಿಂದ ಪಾದಗಳ ನರನೋವು ಅನುಭವಿಸುತ್ತಿದ್ದ 50 ಮಂದಿಗೆ ದಿನಕ್ಕೆ ಮೂರು ಸಲದಂತೆ ಐದು ದಿನ ಗಾಂಜಾ ಸಿಗರೇಟು ಇಲ್ಲವೆ ಔಷಧಾಂಶ ತೆಗೆದ ಗಾಂಜಾದ ಸಿಗರೇಟನ್ನು ಕೊಡಲಾಯಿತು. ಮೊದಲ ಗುಂಪಿನಲ್ಲಿ ನೋವು ಶೇ 34ರಷ್ಟು, ಎರಡನೆಯದರಲ್ಲಿ ಶೇ 17ರಷ್ಟು ತಗ್ಗಿತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ವೇರ್ ತಂಡ 2010ರಲ್ಲಿ ಪ್ರಕಟಿಸಿದ ಸಣ್ಣ ಪರೀಕ್ಷೆಯಲ್ಲಿ ಹತ್ತರ ಅಳತೆಗೋಲಿನಲ್ಲಿ ನೋವು ಗಾಂಜಾ ಸೇದಿದಾಗ 5.4, ಹುಸಿಗಾಂಜಾ ಸೇದಿದಾಗ 6.1 ಇತ್ತು. ವ್ಯತ್ಯಾಸ ನಿಜ, ಆದರೆ ಕಿರಿದು. ಹೊಗೆಯನ್ನು ಬಿಟ್ಟು ಅಳತೆಯಿಟ್ಟು ಕೊಡುವ ದಾರಿಯನ್ನು ಬ್ರಿಟನ್ನಿನ ಜಿಡಬ್ಲ್ಯು ಫಾರ್ಮಸ್ಯುಟಿಕಲ್ಸ್ ಹುಡುಕಿ, ಪ್ರತಿ ಸಿಂಪಡಿಕೆಯಲ್ಲಿ 2.7 ಮಿಲಿಗ್ರಾಂ ಟಿಎಚ್‌ಸಿ ಮತ್ತು 2.5 ಮಿಲಿಗ್ರಾಂ ಸಿಬಿಡಿ ಇರುವ, ಬಾಯೊಳಗೆ ಸಿಂಪಡಿಸುವ ಸಾಟಿವೆಕ್ಸ್ ಎಂಬ ಔಷಧವನ್ನು ತಯಾರಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಬರುವ ನರನೋವಿಗೆ ಕೆನಡಾ 2005ರಲ್ಲಿ ಇದಕ್ಕೆ ಷರತ್ತಿನ ಅನುಮತಿ ನೀಡಿತು. ಬ್ರಿಟನ್ 2010ರಲ್ಲಿ ಅನುಮತಿ ಕೊಟ್ಟದ್ದು ಅದೇ ರೋಗದ ಸ್ನಾಯು ಬಿಗಿತಕ್ಕೆ ಮಾತ್ರ.

ಹೀಗೆ ಚದುರಿದ್ದ ಪುರಾವೆಗಳನ್ನು 2018ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟುಗೂಡಿಸಿತು. ಒಟ್ಟು 1,750 ರೋಗಿಗಳಿದ್ದ 16 ಅಧ್ಯಯನಗಳಿಂದ ಅದು ಕಂಡುಕೊಂಡಂತೆ, ನೋವು ಅರ್ಧಕ್ಕಿಳಿದವರು ಗಾಂಜಾ ಔಷಧ ಪಡೆದವರಲ್ಲಿ ಶೇ 21, ಹುಸಿಮದ್ದು ಪಡೆದವರಲ್ಲಿ ಶೇ 17. ಮೇಲೆ ಹೇಳಿದ ಲೆಕ್ಕದಲ್ಲಿ ಇದು 20 ಮಂದಿಗೆ ಒಬ್ಬರು. ನೋವು ಶೇ 30ರಷ್ಟಾದರೂ ಇಳಿದವರನ್ನು ಎಣಿಸಿದರೆ 11 ಮಂದಿಗೆ ಒಬ್ಬರು. ಅಡ್ಡಪರಿಣಾಮ ತಾಳಲಾಗದೆ ಚಿಕಿತ್ಸೆ ಬಿಟ್ಟವರು ಶೇ 10, ಹುಸಿಮದ್ದಿನಲ್ಲಿ ಶೇ 5. ಈ ಅಂಕಿಗಳನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ಟಿಎಚ್‌ಸಿ ತೆಗೆದುಕೊಂಡವರಿಗೆ ಅಮಲಿನಿಂದಲೇ ತಮಗೆ ಸಿಕ್ಕಿದ್ದು ಯಾವುದೆಂದು ಬಹುಪಾಲು ಗೊತ್ತಾಗಿಬಿಡುವುದರಿಂದ, ಗುಣವಾಗುತ್ತದೆಂಬ ನಿರೀಕ್ಷೆಯೇ ಫಲಿತಾಂಶವನ್ನು ಹಿಗ್ಗಿಸಿರಬಹುದು. ಸ್ವೀಡನ್ನಿನ ಸಂಶೋಧಕರು 2022ರಲ್ಲಿ ಗಾಂಜಾ ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿ, ಹುಸಿಮದ್ದು ಪಡೆದವರಲ್ಲೂ ನೋವು ಗಣನೀಯವಾಗಿ ಇಳಿದಿತ್ತೆಂದೂ, ಆ ಅಧ್ಯಯನಗಳಿಗೆ ಮಾಧ್ಯಮಗಳಲ್ಲಿ ಸಿಕ್ಕ ಪ್ರಚಾರ ಉತ್ಸಾಹದ್ದೇ ಆಗಿತ್ತೆಂದೂ ತೋರಿಸಿದರು. ಇನ್ನೊಂದು, ಸರಾಸರಿಯ ಹಿಂದೆ ವ್ಯಕ್ತಿಗಳಿದ್ದಾರೆ. ಹುಸಿಮದ್ದಿಗಿಂತ ಹೆಚ್ಚಿನ ಗುಣ ಕಾಣದ ಹತ್ತೊಂಬತ್ತು ಮಂದಿಯ ಪಕ್ಕದಲ್ಲಿ ವರ್ಷಗಳ ಬಳಿಕ ರಾತ್ರಿಯಿಡೀ ನಿದ್ದೆ ಮಾಡಿದ ಇಪ್ಪತ್ತನೆಯವರೂ ಇರುವುದರಿಂದ, ಸರಾಸರಿ ಚಿಕ್ಕದೆಂಬ ಒಂದೇ ಕಾರಣಕ್ಕೆ ಔಷಧವನ್ನು ತಳ್ಳಿಹಾಕುವುದು ಆ ಒಬ್ಬರಿಗೆ ಅನ್ಯಾಯವಾಗುತ್ತದೆ.

ತಜ್ಞ ಸಂಸ್ಥೆಗಳು ಒಂದೇ ಪುರಾವೆಯಿಂದ ಬೇರೆಬೇರೆ ತೀರ್ಮಾನಕ್ಕೆ ಬಂದದ್ದು ಈ ಇಕ್ಕಟ್ಟಿನಿಂದಲೇ. ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬಾರದೆಂದೂ, ಸಿಬಿಡಿಯನ್ನು ಸಂಶೋಧನಾ ಪರೀಕ್ಷೆಗಳಲ್ಲಿ ಮಾತ್ರ ಕೊಡಬಹುದೆಂದೂ ಹೇಳಿತು. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ತಜ್ಞರ ಶಿಫಾರಸು, ಉಳಿದ ಚಿಕಿತ್ಸೆ ಸಾಲದವರಿಗೆ ಹೊಗೆಯ ರೂಪದಲ್ಲಲ್ಲದ ಗಾಂಜಾ ಔಷಧವನ್ನು ಪ್ರಯೋಗವಾಗಿ ಕೊಟ್ಟು ನೋಡಬಹುದು ಎಂದಿತು, ಅದೂ ದುರ್ಬಲ ಶಿಫಾರಸು ಎಂಬ ಹಣೆಪಟ್ಟಿಯೊಂದಿಗೆ. ಎರಡನೆಯ ನಿಲುವೇ ಹೆಚ್ಚು ಮಾನವೀಯವಾದದ್ದು. ಆದರೆ ಅದರ ಷರತ್ತುಗಳನ್ನು ಬಿಟ್ಟು ಶಿಫಾರಸನ್ನಷ್ಟೇ ಹಿಡಿದರೆ ಹಾನಿ ಖಂಡಿತ. ಮನೋವಿಕಾರದ ಇತಿಹಾಸವಿರುವವರು, ಹದಿಹರೆಯದವರು, ಬಸುರಿಯರು ಟಿಎಚ್‌ಸಿಯಿಂದ ದೂರವಿರಬೇಕು. ಹೃದಯದ ಕಾಯಿಲೆಯಿರುವವರಿಗೂ ಬಿದ್ದು ಮೂಳೆ ಮುರಿದುಕೊಳ್ಳುವ ಭಯವಿರುವ ವಯಸ್ಸಾದವರಿಗೂ ಹೆಚ್ಚಿನ ಎಚ್ಚರ ಬೇಕು. ಔಷಧ ತೆಗೆದುಕೊಂಡವರು ವಾಹನ ನಡೆಸಬಾರದು. ಗಾಂಜಾಕ್ಕೆ ಚಟದ ಅಪಾಯವಿಲ್ಲವೆಂಬ ಮಾತು ಸುಳ್ಳು. ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲಿ ಸಿಬಿ1 ಗ್ರಾಹಕಗಳು ವಿರಳವಾಗಿರುವುದರಿಂದ ಮಾರ್ಫೀನ್ ಬಗೆಯ ಔಷಧಗಳಂತೆ ಇದು ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ ಎಂಬುದು ಮಾತ್ರ ನಿಜ. ಸೇದಿದಾಗ ಪರಿಣಾಮ ಕೆಲವೇ ನಿಮಿಷಗಳಲ್ಲಿ ಕಂಡರೆ, ನುಂಗಿದಾಗ ಒಂದರಿಂದ ಮೂರು ಗಂಟೆ ಹಿಡಿಯಬಹುದು. ಏನೂ ಆಗಲಿಲ್ಲವೆಂದು ಮತ್ತೊಂದು ಪಾಲು ನುಂಗಿ ತೊಂದರೆಗೆ ಸಿಲುಕುವುದು ಹೀಗೆ. ರಕ್ತ ತೆಳುಮಾಡುವ ವಾರ್ಫರಿನ್‌ನಂತಹ ಔಷಧಗಳ ಬಲವನ್ನು ಸಿಬಿಡಿ ಹೆಚ್ಚಿಸಬಲ್ಲದಾದ್ದರಿಂದ ಅಮಲಿಲ್ಲದ ಅದರ ಎಣ್ಣೆಯೂ ನಿರಪಾಯಕಾರಿಯಲ್ಲ. ನರನೋವಿಗೆ ಸಿಬಿಡಿ ಒಂದೇ ಸಾಕೆಂದು ತೋರಿಸುವ ಗಟ್ಟಿ ಪುರಾವೆಯೂ ಇಲ್ಲ.

ಭಾರತದ ಮಟ್ಟಿಗೆ ಈ ವಿಷಯ ಹಗುರವಾದದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿತು, ಮಧುಮೇಹವಾದರೋ ನರನೋವಿನ ಬಹುದೊಡ್ಡ ಕಾರಣಗಳಲ್ಲೊಂದು. 1985ರ ಮಾದಕದ್ರವ್ಯ ಕಾಯಿದೆ ಗಿಡದ ಹೂಗೊನೆಯಾದ ಗಾಂಜಾವನ್ನೂ ರಾಳವಾದ ಚರಸ್ಸನ್ನೂ ನಿಷೇಧಿಸಿದರೂ, ಹೂಗೊನೆಯಿಲ್ಲದ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ಪರವಾನಗಿಯ ದಾರಿಯನ್ನೂ ತೆರೆದಿಟ್ಟಿದೆ. ಆಯುರ್ವೇದದಲ್ಲಿ ವಿಜಯಾ ಎಂದು ಕರೆಯುವ ಈ ಗಿಡದ ಎಲೆಯಿಂದ ಮಾಡಿದ ಔಷಧಗಳು ಮಾರುಕಟ್ಟೆಯಲ್ಲಿರುವುದು ಆ ಎಲೆಯ ವಿನಾಯಿತಿಯಿಂದಾಗಿ. ಆದರೆ ಎಲೆಯಲ್ಲಿ ಟಿಎಚ್‌ಸಿ ಹೂವಿಗಿಂತ ಕಡಿಮೆ. ಮಿಲಿಗ್ರಾಂ ಲೆಕ್ಕವಿರುವ ಸಿಂಪಡಿಕೆಯ ಮೇಲೆ ನಡೆದ ಪರೀಕ್ಷೆಗಳ ಫಲವನ್ನು ಬೇರೊಂದು ಬಗೆಯ ತಯಾರಿಕೆಗೆ ಹಚ್ಚಿ ಪ್ರಚಾರ ಮಾಡುವುದು ರೋಗಿಯನ್ನು ದಾರಿ ತಪ್ಪಿಸುತ್ತದೆ. ಪ್ರತಿ ಹನಿಯಲ್ಲಿ ಎಷ್ಟು ಟಿಎಚ್‌ಸಿ, ಎಷ್ಟು ಸಿಬಿಡಿ ಎಂದು ಪ್ರಯೋಗಾಲಯದ ಅಳತೆಯೊಂದಿಗೆ ನಮೂದಾಗಿರದ ಸೀಸೆಯನ್ನು ನರನೋವಿನ ರೋಗಿ ಕೊಳ್ಳಬಾರದು.

ಇಂತಹ ಔಷಧವನ್ನು ಅಳೆದು ಬಳಸುವುದಕ್ಕೆ ಬ್ರಿಟನ್ನಿನಲ್ಲಿ ಸಾಟಿವೆಕ್ಸ್‌ಗೆ ಹಾಕಿರುವ ಕಟ್ಟಳೆ ಒಳ್ಳೆಯ ಮಾದರಿ. ಮೊದಲ ದಿನ ಒಂದೇ ಸಿಂಪಡಿಕೆಯಿಂದ ಆರಂಭಿಸಿ ದಿನಗಳ ಅಂತರದಲ್ಲಿ ಏರಿಸಬೇಕು. ದಿನಕ್ಕೆ ಹನ್ನೆರಡನ್ನು ದಾಟುವಂತಿಲ್ಲ. ನಾಲ್ಕು ವಾರಗಳ ಕೊನೆಗೆ ತೊಂದರೆ ಶೇ 20ರಷ್ಟಾದರೂ ಇಳಿದಿದ್ದರೆ ಮಾತ್ರ ಮುಂದುವರಿಸಿ, ಇಲ್ಲವಾದರೆ ನಿಲ್ಲಿಸಬೇಕು. ಸ್ನಾಯು ಬಿಗಿತಕ್ಕಾಗಿ ರೂಪಿಸಿದ ಈ ಕ್ರಮವನ್ನು, ಉಳಿದ ಔಷಧಗಳು ಕೈಕೊಟ್ಟ ನರನೋವಿನ ರೋಗಿಗಳ ಮೇಲೆ, ಅದರಲ್ಲೂ ಅಂಗಾಲುರಿಯ ಮಧುಮೇಹಿಗಳ ಮೇಲೆ, ನಿದ್ದೆ ಮತ್ತು ನಡಿಗೆಯ ಸುಧಾರಣೆಯನ್ನೂ ನೋವಿನ ಜತೆಗೇ ದಾಖಲಿಸುತ್ತ ಪರೀಕ್ಷಿಸಿ ನೋಡುವ ಕೆಲಸವನ್ನು ಭಾರತದ ವೈದ್ಯಕೀಯ ಕಾಲೇಜುಗಳು ಕೈಗೆತ್ತಿಕೊಳ್ಳಬೇಕಾಗಿದೆ. ಪರವಾನಗಿ ಪಡೆದರೆ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ.