ಟೇಪ್ ಇದೆ, ಓದುವ ಯಂತ್ರ ಎಲ್ಲಿ? ನಾಸಾದ ಹಳೆಯ ದಾಖಲೆಗಳು ಮತ್ತು ಎಂಟು ಸೂಜಿಗಳ ಒಂದು ಪಾಠ

ಹತ್ತನೇ ತರಗತಿಯ 'ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು' ಘಟಕಕ್ಕೆ ಪಾಠಯೋಜನೆ ಬರೆಯುವಾಗ, ನಿತ್ಯಜೀವನದ ಅನ್ವಯ ಎಂಬ ಕಡೆ ವಿದ್ಯುತ್ ಗಂಟೆ, ಕ್ರೇನ್ ಎಂದು ಬರೆದು ಮುಗಿಸುವುದು ನಮ್ಮೆಲ್ಲರ ರೂಢಿ. ಈ ಸಲದ ಬೋಧನಾಭ್ಯಾಸದಲ್ಲಿ ನಾನು ಮನೆಯಿಂದ ಒಂದು ಆಡಿಯೊ ಕ್ಯಾಸೆಟ್ ಒಯ್ದೆ. ನಮ್ಮಜ್ಜಿ ಹಾಡಿದ ಸೋಬಾನೆ ಪದಗಳು ಅದರಲ್ಲಿವೆ. ಟೇಪಿನ ಕಂದು ಲೇಪನದಲ್ಲಿ ಕಬ್ಬಿಣದ ಆಕ್ಸೈಡಿನ ಕಣಗಳಿರುತ್ತವೆ, ಅವು ಕಾಂತವಾದ ಬಗೆಯಲ್ಲೇ ಧ್ವನಿ ದಾಖಲಾಗಿದೆ ಎಂದು ವಿವರಿಸಿದೆ. ಎರಡನೇ ಬೆಂಚಿನ ಹುಡುಗಿ ತಕ್ಷಣ, "ಹಾಗಾದ್ರೆ ಹಾಕಿ ಕೇಳ್ಸಿ ಮಿಸ್" ಅಂದಳು.

ಶಾಲೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ನಮ್ಮ ಮನೆಯದು ಗುಜರಿಗೆ ಹೋಗಿ ಹತ್ತು ವರ್ಷವಾಗಿದೆ.

ಪಾಠ ಹೇಗೋ ಮುಗಿಯಿತು. ಆದರೆ ದತ್ತಾಂಶ ಸಂಗ್ರಹದ ಬಗ್ಗೆ ಹೇಳುವಾಗ ನಾವು ಟೇಪು, ಡಿಸ್ಕು, ಪೆನ್‌ಡ್ರೈವ್‌ಗಳನ್ನಷ್ಟೇ ತೋರಿಸಿ, ಅವನ್ನು ಓದುವ ಯಂತ್ರವನ್ನು ಪಾಠದ ಹೊರಗೇ ಬಿಡುತ್ತೇವೆ ಎಂಬುದು ಆ ದಿನ ಅರ್ಥವಾಯಿತು. ಸರ್ಕಾರಿ ಸಂಸ್ಥೆಗಳೂ ಹಳೆಯ ಸಂಗ್ರಹ ವ್ಯವಸ್ಥೆಯನ್ನು ಬದಲಿಸುವಾಗ ಎಡವಿರುವುದು ಇಲ್ಲೇ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಎರಡು ಪ್ರಸಂಗಗಳನ್ನು ಆಧರಿಸಿ ಮುಂದಿನ ವಾರ ಇನ್ನೊಂದು ಪಾಠ ಕಟ್ಟಿದೆ.

ಗಗನಯಾತ್ರಿಗಳು ಚಂದ್ರನ ಮೇಲೆ ಎಲ್ಲಿ ಇಳಿಯಬಹುದು ಎಂದು ನೋಡಲು ನಾಸಾ 1966 ಮತ್ತು 1967ರಲ್ಲಿ ಲೂನಾರ್ ಆರ್ಬಿಟರ್ ಹೆಸರಿನ ಐದು ನೌಕೆಗಳನ್ನು ಕಳಿಸಿತು. ನೌಕೆಯೊಳಗೇ ಫಿಲ್ಮ್ ಸಂಸ್ಕರಿಸಿ, ಬೆಳಕಿನ ಕಿರಣ ಹಾಯಿಸಿ, ಚಿತ್ರವನ್ನು ರೇಡಿಯೊ ಸಂಕೇತವಾಗಿ ಭೂಮಿಗೆ ಕಳಿಸುವ ಏರ್ಪಾಡು ಅದು. (ಇಷ್ಟು ಹೇಳಿದರೆ ಸಾಕು, ಮಕ್ಕಳು ಕಣ್ಣರಳಿಸುತ್ತಾರೆ. ಚಂದ್ರನ ಸುತ್ತ ತಿರುಗುವ ಒಂದು ಫೋಟೊ ಸ್ಟುಡಿಯೊ!) ಭೂಕೇಂದ್ರಗಳು ಆ ಸಂಕೇತವನ್ನು ಎರಡು ಅಂಗುಲ ಅಗಲದ ಕಾಂತೀಯ ಟೇಪಿನಲ್ಲಿ ದಾಖಲಿಸಿಕೊಂಡವು. ಆಗ ಪ್ರಕಟವಾದ ಚಿತ್ರಗಳು ಭೂಮಿಯಲ್ಲಿ ಮತ್ತೆ ಫಿಲ್ಮಿಗೆ ಇಳಿಸಿದಂಥವು. ಕಪ್ಪು ಬಿಳುಪಿನ ನಡುವಿನ ಎಷ್ಟೋ ಛಾಯೆಗಳು ಅವುಗಳಲ್ಲಿ ಕಾಣುತ್ತಿರಲಿಲ್ಲ. ಟೇಪಿನಲ್ಲಿ ಮಾತ್ರ ಆ ಛಾಯೆಗಳು ಉಳಿದಿದ್ದವು.

ಈ ಟೇಪುಗಳನ್ನು ಓದಬಲ್ಲ ಯಂತ್ರ ಆಂಪೆಕ್ಸ್ ಎಫ್‌ಆರ್-900. ಕಾಲ ಕಳೆದಂತೆ ಅದು ಬಳಕೆಯಿಂದ ಹೋಯಿತು. ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿದ್ದ ನ್ಯಾನ್ಸಿ ಇವಾನ್ಸ್ ಟೇಪುಗಳನ್ನು ಎಸೆಯಲು ಒಪ್ಪದೆ ಉಳಿಸಿಕೊಂಡರು. ಅಷ್ಟಕ್ಕೇ ನಿಲ್ಲದೆ, ಬೇಡವೆಂದು ಬಿಟ್ಟಿದ್ದ ಕೆಲವು ಎಫ್‌ಆರ್-900 ಯಂತ್ರಗಳನ್ನೂ ಸರ್ಕಾರದಿಂದ ಪಡೆದು ತಮ್ಮ ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರು. ಒಂದೊಂದೂ ಫ್ರಿಜ್‌ನಷ್ಟು ದೊಡ್ಡದು. ಸರ್ಕಾರದ ಸಂಪತ್ತು ಒಬ್ಬ ಹೆಣ್ಣುಮಗಳ ಗ್ಯಾರೇಜಿನಲ್ಲಿ ಉಳಿಯಿತು ಎನ್ನುವಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ.

ಮುಂದೆ ಡೆನ್ನಿಸ್ ವಿಂಗೊ ಮತ್ತು ಕೀತ್ ಕೋವಿಂಗ್ ಎಂಬವರು ಯಂತ್ರಗಳನ್ನೂ ಸುಮಾರು 1,500 ಟೇಪುಗಳನ್ನೂ ಕ್ಯಾಲಿಫೋರ್ನಿಯದ ಏಮ್ಸ್ ಸಂಶೋಧನಾ ಕೇಂದ್ರಕ್ಕೆ ತಂದರು. ಅಲ್ಲಿ ಕೆಲಸಕ್ಕೆ ಸಿಕ್ಕಿದ ಜಾಗ ಮುಚ್ಚಿಹೋಗಿದ್ದ ಒಂದು ಮೆಕ್‌ಡೊನಾಲ್ಡ್ಸ್ ಹೋಟೆಲು. ಒಂದು ಯಂತ್ರದ ಬಿಡಿಭಾಗ ತೆಗೆದು ಇನ್ನೊಂದಕ್ಕೆ ಹಾಕಿ, ಸವೆದ ಹೆಡ್‌ಗಳನ್ನು ಸರಿಪಡಿಸಿ, 2008ರ ನವೆಂಬರಿನಲ್ಲಿ ಮೊದಲ ಚಿತ್ರ ಹೊರಗೆ ಬಿಟ್ಟರು. ಚಂದ್ರನ ಅಂಚಿನಾಚೆ ಭೂಮಿ ಕಾಣುವ, 1966ರ ಆಗಸ್ಟ್ 23ರಂದು ತೆಗೆದ ಚಿತ್ರ ಅದು. ಮೊದಲು ಪ್ರಕಟವಾಗಿದ್ದ ಪ್ರತಿಗಿಂತ ಎಷ್ಟೋ ಸ್ಪಷ್ಟವಾಗಿತ್ತು.

ಇನ್ನೊಂದು ಪ್ರಸಂಗದಲ್ಲಿ ಇಂಥ ಅದೃಷ್ಟವಿರಲಿಲ್ಲ. 1969ರ ಜುಲೈನಲ್ಲಿ ಅಪೊಲೊ 11ರ ಕ್ಯಾಮೆರಾ ಸೆಕೆಂಡಿಗೆ 10 ಚೌಕಟ್ಟುಗಳ ವಿಶೇಷ ಸಂಕೇತ ಕಳಿಸುತ್ತಿತ್ತು. ಮನೆಯ ಟಿವಿಗೆ ಅದು ಹೊಂದದ ಕಾರಣ ಪರಿವರ್ತಿಸಿ ಪ್ರಸಾರ ಮಾಡಿದರು, ಗುಣಮಟ್ಟ ಇಳಿಯಿತು. ಮೂಲ ಸಂಕೇತ ಮಾತ್ರ ಟೆಲಿಮೆಟ್ರಿ ಟೇಪುಗಳಲ್ಲಿತ್ತು. 2006ರ ಸುಮಾರಿಗೆ ಹುಡುಕಾಟ ಜೋರಾಯಿತು. 2009ರಲ್ಲಿ ನಾಸಾ ಹೇಳಿದ್ದು: ಉಪಗ್ರಹಗಳ ದತ್ತಾಂಶ ತುಂಬಲು ಟೇಪು ಸಾಲದೆ ಬಂದ ಕಾಲದಲ್ಲಿ ಹಳೆಯವನ್ನು ಅಳಿಸಿ ಮತ್ತೆ ಬಳಸಲಾಗಿದೆ, ಅವುಗಳಲ್ಲಿ ಇವೂ ಹೋಗಿರಬೇಕು. ಇಂದು ನಾವು ನೋಡುವುದು ಪ್ರಸಾರದ ಪ್ರತಿಗಳಿಂದ ಸುಧಾರಿಸಿದ ದೃಶ್ಯ.

ಇದನ್ನು ತರಗತಿಗೆ ತರಲು ಬೇಕಾದದ್ದು ಎಂಟು ಹೊಲಿಗೆ ಸೂಜಿ, ಥರ್ಮೋಕೋಲ್, ದಂಡಕಾಂತ, ದಿಕ್ಸೂಚಿ. ಸೂಜಿಯ ಮೊನೆ ಉತ್ತರ ಧ್ರುವವಾದರೆ 1, ದಕ್ಷಿಣವಾದರೆ 0. ಕಾಂತದ ದಕ್ಷಿಣ ಧ್ರುವದಿಂದ ಕಣ್ಣಿನ ಕಡೆಯಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಸಲ ಉಜ್ಜಿದರೆ ಮೊನೆ ಉತ್ತರವಾಗುತ್ತದೆ. ಸೂಜಿಗಳ ನಡುವೆ ನಾಲ್ಕು ಬೆರಳಿನಷ್ಟಾದರೂ ಅಂತರವಿರಲಿ, ಇಲ್ಲದಿದ್ದರೆ ಪಕ್ಕದ ಸೂಜಿಯೇ ದಿಕ್ಸೂಚಿಯನ್ನು ಎಳೆಯುತ್ತದೆ. ಒಂದು ಗುಂಪು ಸಂದೇಶ 'ಬರೆದು' ಕೊಟ್ಟಿತು, ಇನ್ನೊಂದು ದಿಕ್ಸೂಚಿಯಿಂದ ಓದಿತು. ಆಮೇಲೆ ದಿಕ್ಸೂಚಿ ಕಿತ್ತುಕೊಂಡು, "ಈಗ ಓದಿ" ಅಂದೆ. ಸೂಜಿಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಂದೇಶ ಅಲ್ಲೇ ಇದೆಯೆಂದು ಎಲ್ಲರಿಗೂ ಗೊತ್ತು, ಓದಲು ಯಾರಿಗೂ ಆಗದು. ಕೊನೆಗೆ ಎಲ್ಲ ಸೂಜಿಗಳನ್ನೂ ಒಂದೇ ರೀತಿ ಉಜ್ಜಿಸಿದೆ. ದಿಕ್ಸೂಚಿ ಮರಳಿ ಕೊಟ್ಟರೂ ಎಂಟೂ 1 ತೋರಿಸಿದವು. ಅಪೊಲೊ ಟೇಪಿಗೆ ಏನಾಯಿತೆಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಯೋಜನೆಯಲ್ಲಿ ಬರೆಯದ ಒಂದು ಸಂಗತಿಯೂ ನಡೆಯಿತು. ಮೂರನೇ ಗುಂಪು ಪ್ರತಿ ಅಂಕಿಯನ್ನೂ ಉಲ್ಟಾ ಓದಿತು. "ತಪ್ಪು, ಮತ್ತೆ ನೋಡಿ" ಅನ್ನುವವಳಿದ್ದೆ. ಅಷ್ಟರಲ್ಲಿ ಆ ಗುಂಪಿನ ಹುಡುಗ ದಿಕ್ಸೂಚಿಯನ್ನು ಪಡಸಾಲೆಗೆ ಒಯ್ದು, "ಮಿಸ್, ಇದರ ಕೆಂಪು ಮುಳ್ಳು ದಕ್ಷಿಣ ತೋರಿಸ್ತಿದೆ" ಅಂದ. ಯಾರೋ ಅದನ್ನು ದಂಡಕಾಂತಕ್ಕೆ ಅಂಟಿಸಿಟ್ಟಿದ್ದರಿಂದ ಅದರ ಧ್ರುವಗಳೇ ಅದಲುಬದಲಾಗಿದ್ದವು. ಮಕ್ಕಳು ಓದಿದ್ದು ಸರಿಯಾಗಿಯೇ ಇತ್ತು, ಓದುವ ಉಪಕರಣ ಕೆಟ್ಟಿತ್ತು. ಮುಂದೆ ಈ ಪಾಠ ಮಾಡುವವರು ಮೊದಲ ಸೂಜಿ ಯಾವಾಗಲೂ 1 ಎಂದು ಗೊತ್ತುಮಾಡಿಕೊಳ್ಳಿ. ಅದು 0 ಎಂದು ಬಂದರೆ ದಿಕ್ಸೂಚಿಯನ್ನು ಅನುಮಾನಿಸಬಹುದು.

ನನ್ನ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದು ಕೊರತೆ ಗುರುತಿಸಿದರು. ಸೂಜಿ ಎರಡೇ ಸ್ಥಿತಿ ತೋರಿಸುತ್ತದೆ, ಆರ್ಬಿಟರ್ ಟೇಪಿನ ಸಂಕೇತ ಅನಲಾಗ್, ಏರಿಳಿತ ನಿರಂತರ. ಮಾತು ನಿಜ. ಹತ್ತನೇ ತರಗತಿಗೆ ಎರಡು ಸ್ಥಿತಿ ಸಾಕು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಅದನ್ನು ಮಕ್ಕಳಿಗೆ ಹೇಳದೆ ಬಿಟ್ಟದ್ದು ನನ್ನ ತಪ್ಪು.

ಹಾಗಾದರೆ ಸಂಗ್ರಹ ವ್ಯವಸ್ಥೆ ಬದಲಿಸುವುದು ಹೇಗೆ? ಹಳೆಯ ಯಂತ್ರ ಓಡುತ್ತಿರುವಾಗ, ಅದನ್ನು ಬಲ್ಲವರು ಕೆಲಸದಲ್ಲಿರುವಾಗಲೇ ಹೊಸದಕ್ಕೆ ನಕಲು ಮಾಡಬೇಕು, ಹೊಸ ಪ್ರತಿಯನ್ನು ಓದಿ ಹಳೆಯದರೊಂದಿಗೆ ತಾಳೆ ನೋಡಬೇಕು. ಜೊತೆಗೆ, ಈ ಕಡತವನ್ನು ಓದುವ ಬಗೆ ಯಾವುದು, ಸಾಲು ಎಷ್ಟು, ಪ್ರತಿ ಅಂಕಿಯ ಅರ್ಥವೇನು ಎಂದು ಸರಳ ಪಠ್ಯದಲ್ಲಿ ಬರೆದಿಡಬೇಕು. ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಮ್ ಪ್ರತಿ ಕಡತಕ್ಕೂ ಇಂಥ ಚೀಟಿ ಕಡ್ಡಾಯ ಮಾಡಿದೆ. ಅದನ್ನು ಕಟ್ಟಿದವರಲ್ಲಿ ಇದೇ ನ್ಯಾನ್ಸಿ ಇವಾನ್ಸ್ ಒಬ್ಬರು. ನಮ್ಮ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೊ ಕೇಂದ್ರವೂ ಚಂದ್ರಯಾನದ ವೈಜ್ಞಾನಿಕ ದತ್ತಾಂಶವನ್ನು ಇದೇ ಮಾನಕದಲ್ಲಿ ಇಡುತ್ತದೆ. ಮಕ್ಕಳಿಗೆ ಇದು ಹೇಳಿದಾಗ ಒಬ್ಬಳು ತನ್ನ ಸೂಜಿ ಹಲಗೆಯ ಹಿಂದೆ ಪೆನ್ಸಿಲಿನಲ್ಲಿ, "ಮೊನೆ ಉತ್ತರ = 1, ಎಡದಿಂದ ಓದಿ" ಎಂದು ಬರೆದುಕೊಂಡಳು.

ಅಜ್ಜಿಯ ಕ್ಯಾಸೆಟ್ ಈಗ ಬಸ್‌ಸ್ಟ್ಯಾಂಡ್ ಹತ್ತಿರದ ರೇಡಿಯೊ ರಿಪೇರಿ ಅಂಗಡಿಯಲ್ಲಿದೆ. ಅಂಗಡಿಯವರ ಬಳಿ ಒಂದು ಹಳೆಯ ಟೇಪ್ ರೆಕಾರ್ಡರ್ ಇದೆ, ಬೆಲ್ಟ್ ಕರಗಿಹೋಗಿದೆ. ಸಿಕ್ಕರೆ ಫೋನ್ ಮಾಡ್ತೀನಮ್ಮ ಅಂದಿದ್ದಾರೆ.